ಮರಳಿ ಬಾರದ ವೈಮಾನಿಕನ ಗತಿಯನ್ನು ತಿಳಿದ ಬಗೆ

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಪಕ್ಕದಲ್ಲಿರುವ ಕಹಳೆ ಬಂಡೆಯನ್ನು ಬೆಂಗಳೂರಿನ ವಿದ್ಯಾರ್ಥಿಗಳು ಬಲ್ಲರಷ್ಟೆ. ಹಿಂದೆ ಕಾವಲುಗಾರನೊಬ್ಬನು ಈ ಬಂಡೆಯ ಮೇಲೆ ನಿಂತು, ದೂರದಲ್ಲಿ ಶತ್ರುಗಳ ಸುಳಿವು ಕಂಡೊಡನೆ ಕಹಳೆಯನ್ನೂದಿ ಊರನ್ನು ಎಚ್ಚರಿಸುತ್ತಿದ್ದನೆಂದು ಪ್ರತೀತಿಯುಂಟು. ಅವನು ಬಂಡೆಯನ್ನೇ ಏಕೆ ಏರಬೇಕಾಗಿತ್ತು? ಭೂಮಿಯು ಗುಂಡಾಗಿರುವುದರಿಂದ. ನೆಲದ ಮೇಲೆ ನಿಂತವನ ಕಣ್ಣು 1.6 ಮೀಟರು ಎತ್ತರದಲ್ಲಿದ್ದರೆ, ಮರ ಮನೆಗಳ ಅಡ್ಡಿಯಿಲ್ಲದ ಸಮತಟ್ಟಾದ ಬಯಲಿನಲ್ಲಿಯೂ ಅವನಿಗೆ ಸುಮಾರು ನಾಲ್ಕೂವರೆ ಕಿಲೋಮೀಟರಿನಿಂದಾಚೆಯ ನೆಲವು ಕಾಣದು. ಕಣ್ಣು 16 ಮೀಟರು ಎತ್ತರಕ್ಕೆ ಏರಿದರೆ ದಿಗಂತವು ಸುಮಾರು 14 ಕಿಲೋಮೀಟರು ದೂರಕ್ಕೆ ಸರಿಯುತ್ತದೆ. ಎತ್ತರವು ಹತ್ತು ಮಡಿಯಾದರೆ ನೋಟವು ಮೂರು ಮಡಿಗಿಂತ ತುಸು ಹೆಚ್ಚುತ್ತದೆ, ಅಷ್ಟೆ. ಎಷ್ಟು ಎತ್ತರಕ್ಕೆ ಏರಿದರೂ ದಿಗಂತವೆಂಬುದು ಇದ್ದೇ ಇರುತ್ತದೆ. ಅದರಾಚೆ ನಡೆದುದನ್ನು ತಿಳಿಯಬೇಕಾದರೆ ಬೇರೆ ಉಪಾಯಗಳೇ ಬೇಕು.

ಯುದ್ಧಕಾಲದಲ್ಲಿ ಹೀಗೆ ದಿಗಂತವನ್ನು ದಾಟಿ ಹೋಗಿ ಮರಳಿ ಬಾರದವರು ಎಷ್ಟೋ ಮಂದಿ. ಅವರಿಗೆ ಏನಾಯಿತೆಂಬುದನ್ನು ಕಣ್ಣಾರೆ ಕಂಡವರು ಇರುವುದಿಲ್ಲ. ಇದ್ದರೂ ಅವರು ಶತ್ರುವಿನ ಕಡೆಯವರಾಗಿರುತ್ತಾರೆ. ಇಂತಹವರ ಗತಿಯನ್ನು ಅರಸುವುದು ಸೇನೆಯ ಕೆಲಸ, ಅಥವಾ ಚರಿತ್ರಕಾರರ ಕೆಲಸ ಎಂದು ನಾವು ಭಾವಿಸುವುದುಂಟು. ಆದರೆ ಆ ವಿಚಾರಣೆಯ ಕ್ರಮಕ್ಕೂ ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ಕ್ರಮಕ್ಕೂ ಹೆಚ್ಚು ಅಂತರವಿಲ್ಲ. ಕೊಡಗಿನ ವೈಮಾನಿಕರೊಬ್ಬರ ವೃತ್ತಾಂತದಿಂದ ಈ ಮಾತನ್ನು ವಿಶದಪಡಿಸಬಹುದು.

‘ಕಾಣೆ’ ಎಂಬ ಮಾತು

ಕಾಳಗವೊಂದು ಮುಗಿದೊಡನೆ ಪ್ರತಿಯೊಂದು ಪಡೆಯೂ ತನ್ನವರ ಲೆಕ್ಕವನ್ನು ನೋಡುತ್ತದೆ. ಕ್ಷೇಮವಾಗಿ ಮರಳಿದವರು, ಗಾಯಗೊಂಡವರು, ಮಡಿದವರು, ಸೆರೆ ಸಿಕ್ಕಿದವರು ಎಂದು ನಾಲ್ಕು ಪಟ್ಟಿಗಳಾಗುತ್ತವೆ. ಈ ನಾಲ್ಕರಲ್ಲಿ ಯಾವುದಕ್ಕೂ ಸೇರದೆ ಉಳಿದವರ ಹೆಸರಿನ ಮುಂದೆ ‘ಕಾಣೆ’ ಎಂದು ಬರೆಯುತ್ತಾರೆ. ಮೊದಲ ನಾಲ್ಕು ಮಾತುಗಳು ಆಯಾ ಮನುಷ್ಯನ ಸ್ಥಿತಿಯನ್ನು ಹೇಳುತ್ತವೆ. ಐದನೆಯ ಮಾತು ನಮ್ಮ ತಿಳಿವಳಿಕೆಯ ಸ್ಥಿತಿಯನ್ನು ಹೇಳುತ್ತದೆ. ಆ ವ್ಯಕ್ತಿಗೆ ಏನೋ ಒಂದು ನಿಶ್ಚಯವಾಗಿ ಆಗಿಯೇ ಇದೆ. ಅದು ಯಾವುದೆಂದು ನಮಗೆ ಗೊತ್ತಿಲ್ಲ, ಅಷ್ಟೆ.

ಮನೆಯವರ ಪಾಲಿಗೆ ಈ ಐದನೆಯ ಮಾತು ಎಲ್ಲಕ್ಕಿಂತ ಕಠಿಣವಾದುದು. ತಿಥಿಯನ್ನು ಮಾಡುವಂತಿಲ್ಲ, ಮಾಡದೆ ಇರುವಂತೆಯೂ ಇಲ್ಲ. ಬಾಗಿಲು ತಟ್ಟಿದ ಸದ್ದಾದರೆ ಎದೆ ಹಾರುತ್ತದೆ. ನ್ಯಾಯಶಾಸ್ತ್ರವು ಈ ಅನಿಶ್ಚಯಕ್ಕೆ ಒಂದು ಮಿತಿಯನ್ನು ಹಾಕಿದೆ. ಒಬ್ಬನು ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ತಿಳಿಯಬೇಕಾಗಿತ್ತೋ ಅವರಿಗೆ ಏಳು ವರ್ಷಗಳ ಕಾಲ ಅವನ ಸುದ್ದಿಯೇ ಇಲ್ಲವಾದರೆ, ಅವನು ಬದುಕಿದ್ದಾನೆಂದು ವಾದಿಸುವವರೇ ಅದನ್ನು ರುಜುವಾತುಪಡಿಸಬೇಕೆಂದು 1872ರ ಭಾರತೀಯ ಸಾಕ್ಷ್ಯ ಕಾಯಿದೆಯು ವಿಧಿಸಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಈ ನಿಯಮ ಉಳಿದಿದೆ. ಆಸ್ತಿಪಾಸ್ತಿಯ ವ್ಯವಹಾರಕ್ಕೆ ಇಂತಹ ನಿಯಮ ಅವಶ್ಯವೇ. ಆದರೆ ಏಳು ವರ್ಷ ಕಳೆದ ಮಾತ್ರಕ್ಕೆ ನಮ್ಮ ಜ್ಞಾನವು ಎಳ್ಳಷ್ಟೂ ಹೆಚ್ಚುವುದಿಲ್ಲ. ಜ್ಞಾನವು ಹೆಚ್ಚಬೇಕಾದರೆ ಸಾಕ್ಷ್ಯ ಬೇಕು.

ಸರ್ಗೋಧಾ ದಾಳಿ

1965ರ ಸೆಪ್ಟೆಂಬರಿನಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧ ನಡೆಯಿತು. ಆ ತಿಂಗಳ 6ನೆಯ ತಾರೀಖಿನ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣ್‌ಕೋಟ್ ಮುಂತಾದ ವಿಮಾನನೆಲೆಗಳ ಮೇಲೆ ಎರಗಿದುವು. ಮರುದಿನ, ಎಂದರೆ 7ನೆಯ ತಾರೀಖು, ಬೆಳಗು ಹರಿಯುವ ಹೊತ್ತಿಗೆ ಪಾಕಿಸ್ತಾನದ ಪ್ರಧಾನ ನೆಲೆಯಾದ ಸರ್ಗೋಧಾದ ಮೇಲೆ ಪ್ರತಿದಾಳಿ ಮಾಡಬೇಕೆಂದು ಭಾರತದ ವಾಯುಪಡೆ ನಿಶ್ಚಯಿಸಿತು. ಪಂಜಾಬಿನ ಆದಂಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್ನಿಗೆ ಈ ಕೆಲಸ ಬಿದ್ದಿತು. ಅದರ ಮುಖ್ಯಾಧಿಕಾರಿಯಾದ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರೇ ದಾಳಿಯ ನಾಯಕರು. ಆ ಸ್ಕ್ವಾಡ್ರನ್ನಿನಲ್ಲಿದ್ದುವು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೀರ್ ವಿಮಾನಗಳು. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ ‘ರಹಸ್ಯ’ ಎಂದೇ ಅರ್ಥ.

ಹನ್ನೆರಡು ವಿಮಾನಗಳು ಹೋಗಬೇಕು, ಎರಡು ಮೀಸಲಾಗಿರಬೇಕು, ಹೊರಟವುಗಳಲ್ಲಿ ಯಾವುದಾದರೂ ಹಿಂದುಳಿದರೆ ಮಾತ್ರ ಮೀಸಲಿನವರು ಆ ಸ್ಥಳವನ್ನು ತುಂಬಬೇಕು ಎಂಬುದು ಏರ್ಪಾಡು. ಮೀಸಲಿನವರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಒಬ್ಬರು. ಸ್ಕ್ವಾಡ್ರನ್ ಲೀಡರ್ ಎಂಬುದು ಭೂಸೇನೆಯ ಮೇಜರ್ ಪದವಿಗೆ ಸಮಾನವಾದುದು. ಕೊಡಗಿನವರಾದ ಅವರು 1932ರ ಡಿಸೆಂಬರಿನಲ್ಲಿ ಹುಟ್ಟಿದವರು. 1954ರಲ್ಲಿ ವಾಯುಪಡೆಯ ಅಧಿಕಾರಿಯಾದವರು. ಆಗ ಅವರಿಗೆ ಮೂವತ್ತೆರಡು ವರ್ಷ. ಅವರು ದಾಳಿಯಲ್ಲಿ ಸೇರಿಕೊಂಡರು. ದಾಳಿ ಮುಗಿಯಿತು. ಉಳಿದವರು ಆದಂಪುರಕ್ಕೆ ಹಿಂದಿರುಗಿದರು, ದೇವಯ್ಯನವರು ಹಿಂದಿರುಗಲಿಲ್ಲ. ಅವರಿಗೆ ಏನಾಯಿತೆಂದು ಹೇಳಬಲ್ಲವರು ಮರಳಿ ಬಂದವರಲ್ಲಿ ಯಾರೂ ಇರಲಿಲ್ಲ.

ಯಾರೂ ಏಕೆ ಕಾಣಲಿಲ್ಲ?

ಇಷ್ಟು ವಿಮಾನಗಳು ಒಟ್ಟಿಗೆ ಹೋಗಿರುವಾಗ ಒಂದು ವಿಮಾನದ ಗತಿಯನ್ನು ಯಾರೂ ಕಾಣದಿರುವುದು ಹೇಗೆಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಕಹಳೆ ಬಂಡೆಯ ಲೆಕ್ಕದಲ್ಲಿಯೇ ಇದೆ.

ಕಣ್ಣಿನಂತೆ ರೇಡಾರಿಗೂ ದಿಗಂತವುಂಟು. ರೇಡಿಯೋ ಅಲೆಗಳು ವಾಯುಮಂಡಲದಲ್ಲಿ ಹಾಯುವಾಗ ಭೂಮಿಯ ಕಡೆಗೆ ಕೊಂಚ ಬಾಗುವುದರಿಂದ ರೇಡಾರಿನ ದಿಗಂತವು ಕಣ್ಣಿನ ದಿಗಂತಕ್ಕಿಂತ ಸ್ವಲ್ಪ ದೂರವಿರುತ್ತದೆ. ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಕಣ್ಣಿನ ವಿಷಯದಲ್ಲಿ ಗುಣಕವು 3.57. ರೇಡಾರಿನ ಆಂಟೆನಾ 10 ಮೀಟರು ಎತ್ತರದಲ್ಲಿಯೂ ವಿಮಾನ 30 ಮೀಟರು ಎತ್ತರದಲ್ಲಿಯೂ ಇವೆಯೆನ್ನೋಣ. ಎರಡರ ದಿಗಂತಗಳನ್ನೂ ಕೂಡಿದರೆ ಸುಮಾರು 36 ಕಿಲೋಮೀಟರು ಬರುತ್ತದೆ. ಅದಕ್ಕಿಂತ ದೂರದಲ್ಲಿರುವ ವಿಮಾನವು ಭೂಮಿಯ ಉಬ್ಬಿನ ಹಿಂದೆ ಮರೆಯಾಗಿರುತ್ತದೆ. ಗಂಟೆಗೆ 800 ಕಿಲೋಮೀಟರು ವೇಗದ ವಿಮಾನಕ್ಕೆ ಈ 36 ಕಿಲೋಮೀಟರು ಮೂರು ನಿಮಿಷಗಳ ದಾರಿಯೂ ಅಲ್ಲ. ದಾಳಿಗೆ ಹೋಗುವ ವಿಮಾನಗಳು ನೆಲಕ್ಕೆ ಅಂಟಿಕೊಂಡಂತೆ ಹಾರುವುದು ಈ ಕಾರಣದಿಂದ.

ಆದರೆ ಶತ್ರುವಿನ ಕಣ್ಣನ್ನು ತಪ್ಪಿಸುವ ಉಪಾಯವೇ ಮಿತ್ರರ ಕಣ್ಣನ್ನೂ ತಪ್ಪಿಸುತ್ತದೆ. ಆದಂಪುರದಿಂದ ಸರ್ಗೋಧಾಕ್ಕೆ ನೇರವಾಗಿ ಸುಮಾರು 300 ಕಿಲೋಮೀಟರು. ಮೇಲಿನ ನಿಯಮದಂತೆ ಲೆಕ್ಕ ಹಾಕಿದರೆ, ಅಷ್ಟು ದೂರದ ವಿಮಾನವು ನೆಲದ ಮಟ್ಟದಲ್ಲಿರುವ ರೇಡಾರಿಗೆ ಕಾಣಬೇಕಾದರೆ ಸುಮಾರು 5,300 ಮೀಟರು ಎತ್ತರದಲ್ಲಿ ಹಾರುತ್ತಿರಬೇಕು. ಮರದ ತುದಿಯ ಮಟ್ಟದಲ್ಲಿ ನಡೆದ ಕಾಳಗವು ನಮ್ಮ ಯಾವ ಯಂತ್ರಕ್ಕೂ ಕಾಣುವಂತಿರಲಿಲ್ಲ. ಹೊತ್ತು ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋದಲ್ಲಿ ಮಾತನಾಡದಿರುವುದು ಇಂತಹ ದಾಳಿಯ ನಿಯಮ. ದೇವಯ್ಯನವರು ಸಾಲಿನ ಹಿಂಭಾಗದಲ್ಲಿದ್ದವರು. ಮುಂದಿನವರ ಗಮನವೆಲ್ಲ ಮುಂದಿನ ಗುರಿಯ ಮೇಲೆ. ಹೀಗಾಗಿ ಆ ಬೆಳಗಿನ ಆ ಮೂಲೆಯಲ್ಲಿ ನಮ್ಮ ಕಡೆಯ ಸಾಕ್ಷಿಯೊಬ್ಬನೂ ಉಳಿಯಲಿಲ್ಲ.

ಪಟ್ಟಿಗಳು ಹೇಳಿದುದೆಷ್ಟು?

ಸಾಕ್ಷಿಯಿಲ್ಲದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಸಾಧ್ಯತೆಗಳನ್ನು ಎಣಿಸುವುದು. ವಿಮಾನಕ್ಕೆ ನೆಲದ ಫಿರಂಗಿಗಳ ಗುಂಡು ತಗುಲಿರಬಹುದು. ಯಂತ್ರವು ಕೆಟ್ಟಿರಬಹುದು, ಅಥವಾ ಇಂಧನವು ತೀರಿರಬಹುದು. ಮಬ್ಬಿನಲ್ಲಿ ನೆಲಕ್ಕೆ ಬಡಿದಿರಬಹುದು. ಶತ್ರುವಿಮಾನವು ಹೊಡೆದುರುಳಿಸಿರಬಹುದು. ವೈಮಾನಿಕನು ಪ್ಯಾರಾಷೂಟಿನಿಂದ ಇಳಿದು ಸೆರೆ ಸಿಕ್ಕಿರಬಹುದು.

ಕೊನೆಯ ಸಾಧ್ಯತೆಯನ್ನು ಪರೀಕ್ಷಿಸಲು ಒಂದು ಸಾಧನವಿದೆ. ಯುದ್ಧಕೈದಿಗಳ ವಿಷಯವಾಗಿ 1949ರಲ್ಲಿ ಆದ ಜಿನೀವಾ ಒಪ್ಪಂದದ ಪ್ರಕಾರ, ಸೆರೆ ಹಿಡಿದ ರಾಷ್ಟ್ರವು ಕೈದಿಗಳ ಹೆಸರುಗಳನ್ನು ತಿಳಿಸಬೇಕು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪ್ರತಿನಿಧಿಗಳು ಅವರನ್ನು ಕಂಡು ಮಾತನಾಡಬಹುದು. ಇದು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಅದೇ ತಿಂಗಳಿನ, ಅದೇ ಕೊಡಗಿನ ಇನ್ನೊಂದು ಉದಾಹರಣೆಯುಂಟು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪುತ್ರರಾದ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರ ಹಂಟರ್ ವಿಮಾನವು ಯುದ್ಧದ ಕೊನೆಯ ದಿನಗಳಲ್ಲಿ ಬಿದ್ದಿತು. ಅವರು ಬದುಕಿ ಉಳಿದು ಪಾಕಿಸ್ತಾನದಲ್ಲಿ ಸೆರೆಯಾದರು. ಅವರು ಸೆರೆಯಲ್ಲಿರುವರೆಂಬ ಸುದ್ದಿ ಬಂದಿತು. 1966ರಲ್ಲಿ ಬಿಡುಗಡೆಯಾಗಿ ಮನೆ ಸೇರಿದರು. ದೇವಯ್ಯನವರು ಹಾಗೆ ಬಿಡುಗಡೆಯಾಗಿ ಬಂದವರಲ್ಲಿ ಇರಲಿಲ್ಲ. ಇದರಿಂದ ಅವರು ಬದುಕಿರುವ ಸಂಭವ ತೀರ ಕಡಮೆಯಾಯಿತು. ಆದರೆ ಹೇಗೆ ಮಡಿದರೆಂಬ ಪ್ರಶ್ನೆ ಇದ್ದಂತೆಯೇ ಉಳಿಯಿತು. ‘ಕಾಣೆ’ ಎಂಬ ಮಾತಿನ ಮೇಲೆ ವರ್ಷಗಳು ಉರುಳಿದುವು.

ಎದುರಾಳಿಯ ಮಾತು

ಉತ್ತರವು ಬಂದುದು ದಿಗಂತದ ಆಚೆಯಿಂದ. ಅದೇ ಬೆಳಗ್ಗೆ ಸರ್ಗೋಧಾದ ಹತ್ತಿರ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರ್ ವಿಮಾನ ನಾಶವಾಗಿತ್ತು. ಅದರ ವೈಮಾನಿಕರಾದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರು ಪ್ಯಾರಾಷೂಟಿನಿಂದ ಇಳಿದು ಬದುಕಿದ್ದರು. ಅವರ ಸಾಹಸಕ್ಕೆ ಪಾಕಿಸ್ತಾನವು ಪದಕವನ್ನೂ ಕೊಟ್ಟಿತು. ಅವರು ಹೊಡೆದುರುಳಿಸಿದ ಭಾರತದ ವಿಮಾನವು ಸಿಡಿದಾಗ ಅದರ ಚೂರುಗಳು ತಗುಲಿ ಸ್ಟಾರ್‌ಫೈಟರ್ ಹಾಳಾಯಿತೆಂಬುದು ಆಗ ಪಾಕಿಸ್ತಾನವು ಕೊಟ್ಟ ವಿವರಣೆ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಆ ವಾಯುಯುದ್ಧವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ, ಅಲ್ಲಿಯವರ ಮಾತುಗಳನ್ನು ಆಧರಿಸಿ ಬರೆದ ಗ್ರಂಥವದು. ಅದರಲ್ಲಿ ಬೇರೆಯೇ ಸಂಗತಿಯಿತ್ತು. ಅಮ್ಜದ್ ಹುಸೇನರು ಮಿಸ್ಟೀರ್ ವಿಮಾನವೊಂದನ್ನು ಬೆನ್ನಟ್ಟಿ ಹೊಡೆದರು. ಆದರೆ ಪೆಟ್ಟು ತಿಂದ ವಿಮಾನವು ಓಡಿಹೋಗದೆ ತಿರುಗಿ ನಿಂತು ಕಾದಿತು. ಆ ಕಾಳಗದಲ್ಲಿ ಮಿಸ್ಟೀರಿನ ಫಿರಂಗಿಯ ಗುಂಡುಗಳೇ ಸ್ಟಾರ್‌ಫೈಟರಿಗೆ ತಗುಲಿದುವು.

ಈಗ ನಮ್ಮ ಮುಂದೆ ಎರಡು ಊಹೆಗಳಿವೆ. ಒಂದು, ಮಿಸ್ಟೀರ್ ಮೊದಲು ಸಿಡಿಯಿತು, ಅದರ ಚೂರುಗಳಿಂದ ಸ್ಟಾರ್‌ಫೈಟರ್ ಕೆಟ್ಟಿತು. ಇನ್ನೊಂದು, ಮಿಸ್ಟೀರ್ ಇನ್ನೂ ಹಾರುತ್ತಿದ್ದಾಗಲೇ ಅದರ ಗುಂಡುಗಳಿಂದ ಸ್ಟಾರ್‌ಫೈಟರ್ ಕೆಟ್ಟಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ತೂಕ? ಸಾಕ್ಷ್ಯವನ್ನು ತೂಗುವಾಗ ಒಂದು ನಿಯಮವುಂಟು. ತನಗೆ ಗೌರವ ತರುವ ಮಾತನ್ನು ಯಾವನೂ ಸುಲಭವಾಗಿ ಹೇಳಿಯಾನು. ತನ್ನ ಗೌರವಕ್ಕೆ ಕುಂದು ತರಬಹುದಾದ ಮಾತನ್ನು ಅದು ನಿಜವಲ್ಲದಿದ್ದರೆ ಹೇಳುವ ಕಾರಣವೇ ಇಲ್ಲ. ಶಬ್ದದ ಎರಡು ಪಟ್ಟು ವೇಗದ ಹೊಸ ವಿಮಾನವು ಶಬ್ದದ ವೇಗಕ್ಕಿಂತ ಹಿಂದೆ ಉಳಿಯುವ ಹಳೆಯ ವಿಮಾನದಿಂದ ಉರುಳಿತೆಂದು ಒಪ್ಪಿಕೊಳ್ಳುವುದರಿಂದ ಪಾಕಿಸ್ತಾನದ ಕಡೆಗೆ ಯಾವ ಲಾಭವೂ ಇರಲಿಲ್ಲ. ಆದಕಾರಣ ಎರಡನೆಯ ಊಹೆಗೆ ತೂಕ ಹೆಚ್ಚು. ಇದೇ ಅಮ್ಜದ್ ಹುಸೇನರು 1971ರ ಯುದ್ಧದಲ್ಲಿ ಅಮೃತಸರದ ಬಳಿ ವಿಮಾನ ಕಳೆದುಕೊಂಡು ಭಾರತದಲ್ಲಿ ಯುದ್ಧಕೈದಿಯಾಗಿದ್ದರು. ಸಾಕ್ಷಿಯು ನಮ್ಮ ನೆಲದಲ್ಲಿಯೇ ಇದ್ದು ಹೋದ ಕೆಲವು ವರ್ಷಗಳ ಮೇಲೆ ಸಾಕ್ಷ್ಯವು ಅಚ್ಚಾಯಿತು.

ಅದು ಸಾಧ್ಯವೇ?

ಸಾಕ್ಷಿಯು ಪ್ರಾಮಾಣಿಕನೆಂದ ಮಾತ್ರಕ್ಕೆ ಅವನು ಹೇಳಿದುದೆಲ್ಲ ಸಾಧ್ಯವೆಂದಾಗುವುದಿಲ್ಲ. ಆ ಮಾತನ್ನು ಪ್ರಕೃತಿಯ ನಿಯಮಗಳ ಒರೆಗೆ ಹಚ್ಚಬೇಕು. ವೇಗದಲ್ಲಿ ಅಷ್ಟು ಹಿಂದುಳಿದ ವಿಮಾನವು ಸ್ಟಾರ್‌ಫೈಟರನ್ನು ಹೊಡೆಯಬಲ್ಲುದೇ?

ದಾರಕ್ಕೆ ಕಲ್ಲು ಕಟ್ಟಿ ತಿರುಗಿಸುವುದನ್ನು ನೆನೆಯಿರಿ. ವೃತ್ತದಲ್ಲಿ ಸುತ್ತುವ ವಸ್ತುವನ್ನು ಕೇಂದ್ರದ ಕಡೆಗೆ ಸೆಳೆಯುವ ಬಲವೊಂದು ಬೇಕು. ವಿಮಾನವು ತಿರುಗುವಾಗ ಒಂದು ಪಕ್ಕಕ್ಕೆ ವಾಲುವುದರಿಂದ ರೆಕ್ಕೆಗಳ ಎತ್ತುವ ಬಲದ ಒಂದು ಅಂಶವೇ ಈ ಕೆಲಸವನ್ನು ಮಾಡುತ್ತದೆ. ತಿರುವಿನ ತ್ರಿಜ್ಯವು ವೇಗದ ವರ್ಗವನ್ನು ಕೇಂದ್ರಾಭಿಮುಖ ವೇಗೋತ್ಕರ್ಷದಿಂದ ಭಾಗಿಸಿದಷ್ಟಿರುತ್ತದೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಉದಾಹರಣೆಗೆ ಈ ವೇಗೋತ್ಕರ್ಷವು ಗುರುತ್ವದ ನಾಲ್ಕು ಪಟ್ಟು ಎಂದಿಟ್ಟುಕೊಳ್ಳೋಣ. ಗಂಟೆಗೆ 800 ಕಿಲೋಮೀಟರು ವೇಗದಲ್ಲಿ ತಿರುಗುವ ವಿಮಾನದ ತ್ರಿಜ್ಯವು ಸುಮಾರು 1,260 ಮೀಟರು. ಗಂಟೆಗೆ 1,000 ಕಿಲೋಮೀಟರು ವೇಗದಲ್ಲಿ ಸುಮಾರು 1,970 ಮೀಟರು. ವೇಗವು ಕಾಲುಭಾಗ ಹೆಚ್ಚಿದರೆ ತ್ರಿಜ್ಯವು ಅರ್ಧಕ್ಕಿಂತ ಹೆಚ್ಚು ಬೆಳೆಯಿತು. ಇವು ತತ್ತ್ವವನ್ನು ತೋರಿಸಲು ಆರಿಸಿಕೊಂಡ ಅಂಕಿಗಳೇ ಹೊರತು ಆ ಬೆಳಗ್ಗೆ ಅಳೆದವುಗಳಲ್ಲ.

ಇದರ ಮೇಲೆ ರೆಕ್ಕೆಯ ವಿಷಯವೊಂದುಂಟು. ಸ್ಟಾರ್‌ಫೈಟರ್ ನೇರವಾಗಿ ಬಾಣದಂತೆ ಧಾವಿಸಲೆಂದು ರಚಿಸಿದ ವಿಮಾನ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 6.6 ಮೀಟರು ಮಾತ್ರ. ಮಿಸ್ಟೀರಿನದು ಸುಮಾರು 11 ಮೀಟರು. ಚಿಕ್ಕ ರೆಕ್ಕೆಯು ಇಕ್ಕಟ್ಟಾದ ತಿರುವಿಗೆ ಬೇಕಾದಷ್ಟು ಬಲವನ್ನು ಕೊಡಲಾರದು. ಸ್ಟಾರ್‌ಫೈಟರ್ ತನ್ನ ವೇಗವನ್ನು ಉಳಿಸಿಕೊಂಡು ದೂರ ಸಾಗಿದರೆ ಅದನ್ನು ಮುಟ್ಟುವವರಿಲ್ಲ. ವೇಗವನ್ನು ಇಳಿಸಿ ಮಿಸ್ಟೀರಿನೊಡನೆ ತಿರುವಿಗೆ ತಿರುವು ಕೊಡಹೋದರೆ ಅದರ ಮೇಲುಗೈ ಹೋಗುತ್ತದೆ. ಮಿಸ್ಟೀರಿನಲ್ಲಿ 30 ಮಿಲಿಮೀಟರು ಅಳತೆಯ ಎರಡು ಫಿರಂಗಿಗಳಿದ್ದುವು. ಎದುರಿನ ವಿಮಾನವು ಕ್ಷಣಕಾಲ ಅವುಗಳ ಮುಂದೆ ಹಾಯ್ದರೂ ಸಾಕು. ಆದ್ದರಿಂದ ಎದುರಾಳಿಯು ಹೇಳಿದ ಸಂಗತಿ ಭೌತಶಾಸ್ತ್ರಕ್ಕೆ ವಿರುದ್ಧವಾದುದಲ್ಲ.

ತಿರುಗಿ ನಿಂತ ವಿಮಾನ ಏಕೆ ಮರಳಲಿಲ್ಲವೆಂಬುದನ್ನೂ ಭೌತಶಾಸ್ತ್ರವು ತಿಳಿಸುತ್ತದೆ. ಸಮುದ್ರಮಟ್ಟಕ್ಕಿಂತ 10 ಕಿಲೋಮೀಟರು ಎತ್ತರದಲ್ಲಿ ವಾಯುವಿನ ಸಾಂದ್ರತೆಯು ಕೆಳಗಿರುವುದರ ಮೂರನೆಯ ಒಂದರಷ್ಟು ಮಾತ್ರ. ನೆಲದ ಹತ್ತಿರ ವಾಯುವು ದಟ್ಟವಾಗಿರುವುದರಿಂದ ಅದರ ತಡೆಯೂ ಹೆಚ್ಚು, ಇಂಧನದ ವೆಚ್ಚವೂ ಹೆಚ್ಚು. ತಗ್ಗಿನಲ್ಲಿ ಹಾರುವ ಮಿಸ್ಟೀರಿಗೆ ಸರ್ಗೋಧಾವು ಹೋಗಿಬರಲು ಸಾಧ್ಯವಾದ ದೂರದ ಕೊನೆಯ ಅಂಚು. ಅಲ್ಲಿ ಕಾದಾಡಲು ನಿಂತವನಿಗೆ ಮನೆಗೆ ಮರಳುವಷ್ಟು ಇಂಧನ ಉಳಿಯುವುದಿಲ್ಲ. ಈ ಲೆಕ್ಕವನ್ನು ಆ ಬೆಳಗ್ಗೆ ಹೊರಟ ಪ್ರತಿಯೊಬ್ಬ ವೈಮಾನಿಕನೂ ಬಲ್ಲವನಾಗಿದ್ದನು. ಪೆಟ್ಟು ತಿಂದಿದ್ದ ವಿಮಾನದಲ್ಲಿ ಕುಳಿತು ತಿರುಗಿ ನಿಂತವನೂ ಅದನ್ನು ಬಲ್ಲವನೇ.

ಆ ವೈಮಾನಿಕನು ಯಾರು?

ಎದುರಾಳಿಯು ಕಂಡುದು ಒಂದು ಮಿಸ್ಟೀರನ್ನು; ಅದರೊಳಗಿದ್ದವನ ಹೆಸರನ್ನಲ್ಲ. ಹೆಸರನ್ನು ಕಂಡುಹಿಡಿಯುವುದಕ್ಕೆ ಬಳಸಿದುದು ನಿರಾಕರಣದ ಕ್ರಮ. ಲವಣಪರೀಕ್ಷೆಯಲ್ಲಿ ಒಂದೊಂದೇ ಧಾತುವನ್ನು ‘ಇದಲ್ಲ, ಇದಲ್ಲ’ ಎಂದು ತೆಗೆದುಹಾಕುತ್ತ ಹೋಗಿ ಉಳಿದುದನ್ನು ನಿಶ್ಚಯಿಸುವುದಿಲ್ಲವೆ? ಇಲ್ಲಿಯೂ ಹಾಗೆಯೇ. ಬೆಳಗಿನ ಆ ದಾಳಿಯಲ್ಲಿ ಸರ್ಗೋಧಾಕ್ಕೆ ಹೋದ ಮಿಸ್ಟೀರ್‌ಗಳು 1ನೆಯ ಸ್ಕ್ವಾಡ್ರನ್ನಿನವು. ಯಾರು ಯಾರು ಹೋದರೆಂಬುದು ಗೊತ್ತಿತ್ತು. ಮರಳಿ ಬಂದವರು ತಾವು ಕಂಡುದನ್ನೂ ಮಾಡಿದುದನ್ನೂ ವರದಿ ಮಾಡಿದ್ದರು. ಸ್ಟಾರ್‌ಫೈಟರಿನೊಡನೆ ಕಾದು ಅದನ್ನು ಉರುಳಿಸಿದೆನೆಂದು ಅವರಲ್ಲಿ ಒಬ್ಬರೂ ಹೇಳಿರಲಿಲ್ಲ. ಅಂತಹ ಜಯವನ್ನು ಯಾವ ವೈಮಾನಿಕನೂ ಮುಚ್ಚಿಡುವುದಿಲ್ಲ. ಉಳಿದ ಹೆಸರು ಒಂದೇ: ವರದಿ ಮಾಡಲು ಬಾರದವರದು.

ಈ ಕ್ರಮದ ಬಲವೆಲ್ಲವೂ ಪಟ್ಟಿಯು ಪೂರ್ಣವಾಗಿದೆಯೇ ಎಂಬುದನ್ನು ಅವಲಂಬಿಸಿದೆಯೆಂದು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಹೆಸರು ಬಿಟ್ಟುಹೋಗಿದ್ದರೂ ನಿರ್ಣಯವು ಕುಸಿಯುತ್ತದೆ. ಇಲ್ಲಿ ಪಟ್ಟಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ದಾಳಿಯ ನಾಯಕರಾಗಿದ್ದ ತನೇಜಾ ಅವರು. ಫ್ರಿಕರ್ ಬರೆದುದು ತಿಳಿದೊಡನೆ ಅದರ ಅರ್ಥವೇನೆಂಬುದು ಅವರಿಗೆ ಹೊಳೆಯಿತು; ಅದನ್ನು ಅವರು ವಾಯುಪಡೆಯ ಗಮನಕ್ಕೆ ತಂದರು. ಗಡಿಯ ಆಚೆ ಒಂದು ಅರ್ಧವೂ ಈಚೆ ಇನ್ನೊಂದು ಅರ್ಧವೂ ಇದ್ದ ಸತ್ಯವು ಹೀಗೆ ಒಂದಾಯಿತು. 1988ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ಅನಂತರ, ಸರ್ಕಾರವು ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಅವರ ದೇಹವನ್ನು ಹೊಲದಲ್ಲಿ ಕಂಡ ಅಲ್ಲಿಯ ಹಳ್ಳಿಗರು ಅದನ್ನು ಮಣ್ಣುಮಾಡಿದರೆಂದು ಪ್ರಕಟವಾದ ವೃತ್ತಾಂತಗಳು ಹೇಳುತ್ತವೆ. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವೂ ಅವರ ಪ್ರತಿಮೆಯೂ ಇವೆ.

ಲೋಹ ಮತ್ತು ಮಂಜು

ದೇವಯ್ಯನವರ ವಿಷಯದಲ್ಲಿ ಮಾತಿನ ಸಾಕ್ಷ್ಯವೇ ಮುಖ್ಯವಾಯಿತು. ಕೆಲವೊಮ್ಮೆ ಜಡವಸ್ತುವೇ ಮಾತನಾಡುವುದುಂಟು. ಪ್ರಸಿದ್ಧ ಫ್ರೆಂಚ್ ಸಾಹಿತಿಯೂ ವೈಮಾನಿಕನೂ ಆಗಿದ್ದ ಆಂಟ್ವಾನ್ ದ ಸೇಂಟ್ ಎಕ್ಸುಪೆರಿ 1944ರ ಜುಲೈ 31ರಂದು ಕಾರ್ಸಿಕಾ ದ್ವೀಪದಿಂದ ಲೈಟ್ನಿಂಗ್ ವಿಮಾನದಲ್ಲಿ ಹೊರಟು ಕಾಣೆಯಾದನು. 1998ರಲ್ಲಿ ಮಾರ್ಸೇಲ್ ನಗರದ ಬಳಿಯ ಕಡಲಿನಲ್ಲಿ ಬೆಸ್ತನೊಬ್ಬನ ಬಲೆಗೆ ಅವನ ಹೆಸರಿದ್ದ ಕೈಬಳೆ ಸಿಕ್ಕಿತು. 2000ದಲ್ಲಿ ಮುಳುಗುಗಾರನೊಬ್ಬನು ವಿಮಾನದ ಅವಶೇಷವನ್ನು ಕಂಡನು. 2003ರಲ್ಲಿ ಮೇಲೆತ್ತಿದ ಲೋಹದ ತುಂಡಿನ ಮೇಲೆ 2734 ಎಂಬ ತಯಾರಿಕೆಯ ಸಂಖ್ಯೆಯಿತ್ತು; ಕಾರ್ಖಾನೆಯ ದಾಖಲೆಯಂತೆ ಅದು ಅವನ ವಿಮಾನದ ಸಂಖ್ಯೆಯೇ. ಅವನು ಬಿದ್ದ ಸ್ಥಳ ಹೀಗೆ ನಿಸ್ಸಂದೇಹವಾಯಿತು. 2008ರಲ್ಲಿ ವೃದ್ಧ ಜರ್ಮನ್ ವೈಮಾನಿಕನೊಬ್ಬನು ಆ ವಿಮಾನವನ್ನು ಉರುಳಿಸಿದವನು ತಾನೇ ಎಂದನು. ಆದರೆ ಅವನ ಮಾತಿಗೆ ಅಂದಿನ ದಾಖಲೆಗಳ ಬೆಂಬಲ ಸಿಕ್ಕಲಿಲ್ಲ. ಆದ್ದರಿಂದ ಅದನ್ನು ಸಿದ್ಧಾಂತವೆಂದು ಸ್ವೀಕರಿಸುವಂತಿಲ್ಲ. ಇಬ್ಬರು ಎದುರಾಳಿಗಳ ಮಾತಿಗೆ ಎರಡು ಬಗೆಯ ಬೆಲೆ ಏಕೆಂಬುದನ್ನು ವಾಚಕರು ಆಲೋಚಿಸಬೇಕು. ಒಬ್ಬನ ಮಾತು ತನ್ನ ಸೋಲನ್ನು ಹೇಳುತ್ತಿತ್ತು, ಮತ್ತು ಆ ಕಡೆಯ ನಷ್ಟಕ್ಕೂ ಈ ಕಡೆಯ ಪಟ್ಟಿಗೂ ಹೊಂದುತ್ತಿತ್ತು. ಇನ್ನೊಬ್ಬನ ಮಾತು ಒಂಟಿಯಾಗಿ ನಿಂತಿತ್ತು.

ಮಂಜುಗಡ್ಡೆಯೂ ಸಾಕ್ಷಿಯಾಗುವುದುಂಟು. ಇದು ಯುದ್ಧದ ಸಂಗತಿಯಲ್ಲವಾದರೂ ಇಲ್ಲಿ ಹೇಳತಕ್ಕುದು. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಆಂಟೊನೊವ್-12 ವಿಮಾನವು 102 ಜನರೊಡನೆ ಹಿಮಾಚಲದ ಪರ್ವತಗಳಲ್ಲಿ ಕಣ್ಮರೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅದರ ಅವಶೇಷ ಕಂಡಿತು. ನೀರ್ಗಲ್ಲಿನ ನದಿಯು ಕಣ್ಣಿಗೆ ಸ್ಥಿರವಾಗಿ ತೋರಿದರೂ ತನ್ನ ಭಾರದಿಂದಲೇ ಮೆಲ್ಲನೆ ಇಳಿಜಾರಿಗೆ ಹರಿಯುತ್ತಿರುತ್ತದೆ. ಮೇಲೆ ನುಂಗಿದುದನ್ನು ದಶಕಗಳ ಅನಂತರ ಕೆಳಗೆ ಒಪ್ಪಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಇನ್ನೂ ನಾಲ್ವರ ದೇಹಗಳು ದೊರೆತುವು. ಐವತ್ತಾರು ವರ್ಷಗಳ ಮೇಲೆ ನಾಲ್ಕು ಮನೆಗಳವರಿಗೆ ಅಂತ್ಯಕ್ರಿಯೆ ಮಾಡುವ ಅವಕಾಶ ದೊರೆಯಿತು.

ನಮ್ಮ ಮನೆಯ ಪೆಟ್ಟಿಗೆಗಳು

ಇದೆಲ್ಲ ದೊಡ್ಡವರ ಕೆಲಸವೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳ ಅಟ್ಟದ ಮೇಲೆ ಇಂದಿಗೂ ತಗಡಿನ ಪೆಟ್ಟಿಗೆಗಳುಂಟು. ಅವುಗಳಲ್ಲಿ ಸೇನೆಗೆ ಸೇರಿದ ಅಣ್ಣನೊಬ್ಬನ, ಸೋದರಮಾವನೊಬ್ಬನ ಕಾಗದಗಳಿರಬಹುದು. ಸೇನೆಯ ಅಂಚೆಯಲ್ಲಿ ಊರಿನ ಹೆಸರಿರುವುದಿಲ್ಲ, ‘56 ಎ.ಪಿ.ಓ.’, ‘99 ಎ.ಪಿ.ಓ.’ ಎಂಬಂತಹ ಗುರುತುಗಳಿರುತ್ತವೆ. ಆದರೂ ಅಂಚೆಯ ಮುದ್ರೆಯ ತಾರೀಖು, ಪಡೆಯ ಹೆಸರು, ಸೇವಾ ಸಂಖ್ಯೆ ಇವು ಒಂದೊಂದೂ ಮುಂದಿನ ಶೋಧಕನಿಗೆ ಲೋಹದ ಮೇಲಿನ ಆ 2734ರಷ್ಟೇ ಬೆಲೆಯುಳ್ಳವು. ಎರಡು ಮಹಾಯುದ್ಧಗಳಲ್ಲಿ ಮಡಿದ ಮತ್ತು ಕಾಣೆಯಾದ ಭಾರತೀಯ ಸೈನಿಕರ ಹೆಸರುಗಳು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಗಳಲ್ಲಿವೆ. ಯಾರು ಬೇಕಾದರೂ ಅವನ್ನು ಹುಡುಕಿ ನೋಡಬಹುದು.

ಇಂತಹ ಕಾಗದಗಳು ದೊರೆತರೆ ಮೂರು ನಿಯಮಗಳನ್ನು ಪಾಲಿಸಬೇಕು. ಕಾಗದವನ್ನು ಅದರ ಲಕೋಟೆಯಿಂದ ಅಗಲಿಸಬಾರದು. ಹಿರಿಯರು ಹೇಳಿದುದನ್ನು ಬರೆದುಕೊಳ್ಳುವಾಗ, ಅವರು ಕಣ್ಣಾರೆ ಕಂಡುದಾವುದು, ಕೇಳಿ ತಿಳಿದುದಾವುದು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ತನಗೆ ಒಪ್ಪಿಗೆಯಾದ ಊಹೆಗೆ ವಿರುದ್ಧವಾದ ಸಂಗತಿ ಸಿಕ್ಕಿದರೆ ಅದನ್ನು ಇನ್ನೂ ಹೆಚ್ಚು ಜೋಪಾನವಾಗಿ ಬರೆದಿಡಬೇಕು. ಪ್ರಯೋಗಶಾಲೆಯ ಪುಸ್ತಕದಲ್ಲಿ ನಾವು ಅನುಸರಿಸಬೇಕಾದ ನಿಯಮಗಳೂ ಇವೇ.

ಕಹಳೆ ಬಂಡೆಯ ಕಾವಲುಗಾರನು ಎಷ್ಟು ಎತ್ತರಕ್ಕೆ ಏರಿದರೂ ಒಬ್ಬನೇ ಕಾಣಬಲ್ಲುದಕ್ಕೆ ಮಿತಿಯುಂಟು. ಆದರೆ ಅವನ ದಿಗಂತವು ಮುಗಿದ ಕಡೆ ಇನ್ನೊಬ್ಬನ ದಿಗಂತವು ತೊಡಗುತ್ತದೆ. ಆ ಇನ್ನೊಬ್ಬನು ಶತ್ರುವಾಗಿದ್ದರೂ ಅವನು ಕಂಡುದನ್ನು ಉಳ್ಳದ್ದು ಉಳ್ಳಂತೆ ಹೇಳಿದರೆ, ಕೇಳುವವನು ಅದನ್ನು ಪಕ್ಷಪಾತವಿಲ್ಲದೆ ತೂಗಿದರೆ, ಕಾಣೆಯಾದವನೊಬ್ಬನು ಮನೆಗೆ ಮರಳದಿದ್ದರೂ ಅವನ ಹೆಸರಾದರೂ ಮರಳುತ್ತದೆ.